ಲೀಡ್ಸ್‌ನ ಜಾನ್ ಫೌಲರ್ ಕಂಪನಿ: ಹೊಲದ ಅಂಚಿನಲ್ಲಿ ನಿಂತು ಉತ್ತ ಉಗಿ ಎಂಜಿನ್

ಉಗಿಬಂಡಿ:
ಉಗಿ ಎಂಜಿನ್ ಅಂದ ಕೂಡಲೇ ಇಲ್ಲಿ ಎಲ್ಲರೂ ರೈಲಿನ ಮಾತಿಗೇ ಇಳಿಯುತ್ತೀರಿ. ಹೊಲಕ್ಕೆ ಹೋದ ಎಂಜಿನ್‌ಗಳ ಬಗ್ಗೆಯೂ ಒಂದು ಚರ್ಚೆ ಇರಲಿ ಅಂತ ಶುರು ಮಾಡುತ್ತಿದ್ದೇನೆ.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ರೈತರಿಗೆ ಉಗಿ ಯಂತ್ರ ಮಾಡಿಕೊಡುವ ಕಂಪನಿಗಳಿಗೆ ಬರವಿರಲಿಲ್ಲ. ಇಪ್ಸ್‌ವಿಚ್‌ನ ರ‍್ಯಾನ್ಸಮ್ಸ್, ಲಿಂಕನ್‌ನ ಕ್ಲೇಟನ್ ಅಂಡ್ ಶಟಲ್‌ವರ್ತ್, ಗೇನ್ಸ್‌ಬರೋದ ಮಾರ್ಷಲ್, ಲೀಸ್ಟನ್‌ನ ಗ್ಯಾರೆಟ್, ಥೆಟ್‌ಫರ್ಡ್‌ನ ಬರೆಲ್, ಹೀಗೆ ಊರಿಗೊಬ್ಬರು. ಇವರಲ್ಲಿ ಬಹಳಷ್ಟು ಜನರ ಹೊಟ್ಟೆ ತುಂಬಿಸಿದ್ದು ಒಕ್ಕಣೆ. ಎಂಜಿನ್ನನ್ನು ಕಣಕ್ಕೆ ಎಳೆದು ತಂದು ನಿಲ್ಲಿಸಿ, ಒಕ್ಕುವ ಯಂತ್ರಕ್ಕೆ ಬೆಲ್ಟ್ ಹಾಕಿದರೆ ಕೆಲಸ ನಡೆಯುತ್ತಿತ್ತು. ನೆಲ ಉಳುವುದು ಮಾತ್ರ ಬೇರೆಯದೇ ತಲೆನೋವು. ಆ ತಲೆನೋವನ್ನೇ ಕಸುಬು ಮಾಡಿಕೊಂಡವರು ಲೀಡ್ಸ್‌ನ ಜಾನ್ ಫೌಲರ್ ಅಂಡ್ ಕಂಪನಿಯವರು.

ಫೌಲರ್ ಹುಟ್ಟಿದ್ದು 1826ರಲ್ಲಿ, ವಿಲ್ಟ್‌ಷೈರ್‌ನ ಮೆಲ್ಕ್‌ಷಮ್‌ನಲ್ಲಿ. ಉಳ್ಳವರ ಮನೆ, ಯುದ್ಧವನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಗಡ. ಮೊದಲು ಧಾನ್ಯದ ವ್ಯಾಪಾರಕ್ಕೆ ಹಚ್ಚಿದರು, ಅದು ಒಗ್ಗಲಿಲ್ಲ. 1847ರಲ್ಲಿ ಮಿಡಲ್ಸ್‌ಬರೋದ ಗಿಲ್ಕ್ಸ್ ವಿಲ್ಸನ್ ಎಂಬ ಎಂಜಿನಿಯರಿಂಗ್ ಕಂಪನಿ ಸೇರಿದ. 1849ರಲ್ಲಿ ಐರ್ಲೆಂಡಿಗೆ ಹೋದಾಗ ಆಲೂಗಡ್ಡೆ ಕ್ಷಾಮದ ಹಾವಳಿಯನ್ನು ಕಣ್ಣಾರೆ ಕಂಡ. ನೀರು ನಿಂತು ಬೆಳೆಗೆ ಒದಗದೆ ಬಿದ್ದಿರುವ ನೆಲವನ್ನು ಕಡಿಮೆ ಖರ್ಚಿನಲ್ಲಿ ಬಸಿಯುವುದು ಹೇಗೆ ಎಂಬ ಯೋಚನೆ ಅವನಿಗೆ ಹತ್ತಿದ್ದು ಅಲ್ಲಿಂದ. ಅಂದರೆ ಅವನು ಹೊರಟಿದ್ದು ಬಸಿಗಾಲುವೆಗೆ. ಉಳುಮೆ ಆಮೇಲೆ ಬಂತು.

ಕುಂದಾಪ್ರ ಮಾಣಿ:
ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆ ಕಟ್ಟಿದ ಜಾನ್ ಫೌಲರ್ ಇವನೇ ಅಲ್ದಾ?

ಉಗಿಬಂಡಿ:
ಅಲ್ಲ ಮಾರಾಯ್ರೆ. ಅವರು ಸರ್ ಜಾನ್ ಫೌಲರ್, ಹುಟ್ಟಿದ್ದು 1817, ತೀರಿಕೊಂಡದ್ದು 1898. ಲಂಡನ್ನಿನ ಮೊದಲ ಸುರಂಗ ರೈಲಿನ ಎಂಜಿನಿಯರೂ ಅವರೇ. ಇಬ್ಬರದೂ ಒಂದೇ ಹೆಸರು, ಒಂದೇ ಕಾಲ, ಮೇಲಾಗಿ ಇಬ್ಬರೂ ಎಂಜಿನಿಯರು. ಅಂತರ್ಜಾಲದಲ್ಲಿ ಒಬ್ಬರ ಫೋಟೋ ಇನ್ನೊಬ್ಬರ ಚರಿತ್ರೆಗೆ ಅಂಟಿಕೊಂಡಿರುವುದೂ ಉಂಟು, ಜೋಪಾನ.

ಎರೆಹೊಲದವ:
ಬಸಿಗಾಲುವಿ ಅಂದ್ರಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ರಿ. ನಮ್ಮ ಕಡೆ ಕಾಲುವಿ ನೀರು ಬಂದಮ್ಯಾಲ ಎಷ್ಟೋ ಎರಿ ಹೊಲ ಸವಳು-ಜವಳು ಹಿಡದು ಹಾಳಾಗ್ಯಾವ. ಈಗ ನೆಲದಾಗ ತೂತಿನ ಪೈಪ್ ಹೂತು ನೀರು ಹೊರಗ ತಗೀತಾರ. ಜೆಸಿಬಿ ತಂದು ತಗ್ಗು ತೋಡಿಸೋದ್ರಾಗ ರೈತನ ಬೆನ್ನು ಮುರೀತದ. ಆ ಮನುಷ್ಯಾ 1850ರಾಗ ಇದನ್ನ ಹ್ಯಾಂಗ ಮಾಡಿದ?

ಉಗಿಬಂಡಿ:
ತಗ್ಗು ತೋಡದೆಯೇ ಮಾಡಿದ ಅನ್ನುವುದೇ ಅವನ ಚಮತ್ಕಾರ ಸರ್. ಮೋಲ್ ನೇಗಿಲು ಅಂತ ಒಂದು ಸಾಧನ ಆಗಲೇ ಬಳಕೆಯಲ್ಲಿತ್ತು. ಕತ್ತಿಯ ಹಾಗೆ ನೆಟ್ಟಗೆ ಇಳಿಯುವ ಕಬ್ಬಿಣದ ಪಟ್ಟಿ, ಅದರ ತುದಿಯಲ್ಲಿ ಚೂಪು ಮೂತಿಯ ಒಂದು ಗುಂಡು. ಎಳೆದುಕೊಂಡು ಹೋದರೆ ಜೇಡಿಮಣ್ಣಿನ ಒಳಗೆ ಕೊಳವೆಯಂಥ ದಾರಿ ಉಳಿಯುತ್ತದೆ, ಮೇಲೆ ಒಂದು ಸೀಳು ಬಿಟ್ಟರೆ ಬೇರೆ ಗುರುತಿರುವುದಿಲ್ಲ. ಫೌಲರ್ ಆ ಗುಂಡಿನ ಹಿಂದೆ ಹಗ್ಗ ಕಟ್ಟಿ, ಹಗ್ಗಕ್ಕೆ ಕೊಳವೆಗಳನ್ನು ಪೋಣಿಸಿದ. ಗುಂಡು ದಾರಿ ಕೊರೆಯುತ್ತ ಹೋದಂತೆ ಕೊಳವೆಗಳ ಸಾಲು ಹಿಂದೆಯೇ ನೆಲದೊಳಗೆ ಹೋಗಿ ಕೂರುತ್ತಿತ್ತು. ಎಳೆಯುವುದಕ್ಕೆ ಹೊಲದ ತುದಿಯಲ್ಲಿ ಒಂದು ರಾಟೆ, ಅದನ್ನು ತಿರುಗಿಸಲು ಕುದುರೆಗಳು. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಇದನ್ನು ಜನರ ಮುಂದಿಟ್ಟ. ಎಸೆಕ್ಸ್‌ನ ಹೇನಾಲ್ಟ್ ಕಾಡು ಕಡಿದು ಸಾಗುವಳಿಗೆ ತಂದ ನೆಲದಲ್ಲಿ ಈ ಕೆಲಸ ದೊಡ್ಡ ಮಟ್ಟದಲ್ಲಿ ನಡೆಯಿತು.

ಕುದುರೆಗಳ ಬದಲು ಉಗಿ ಎಂಜಿನ್ ರಾಟೆ ತಿರುಗಿಸಿದರೆ? ಹಗ್ಗದ ತುದಿಗೆ ಮೋಲ್ ಬದಲು ನೇಗಿಲನ್ನೇ ಕಟ್ಟಿದರೆ? ಮುಂದಿನ ಕಥೆಯೆಲ್ಲ ಈ ಎರಡು ಪ್ರಶ್ನೆಗಳದ್ದು.

ನಿವೃತ್ತ ಮೇಷ್ಟ್ರು:
ಒಳ್ಳೆಯ ವಿಷಯ ಎತ್ತಿದ್ದೀರಿ. ಪಾಲಿಟೆಕ್ನಿಕ್‌ನಲ್ಲಿ ಬಹಳ ವರ್ಷ ಉಷ್ಣ ಎಂಜಿನ್‌ಗಳ ಪಾಠ ಮಾಡಿದವನು ನಾನು. ಹುಡುಗರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ: ಎಂಜಿನ್ ಇದ್ದ ಮೇಲೆ ಟ್ರ್ಯಾಕ್ಟರಿನಂತೆ ನೇಗಿಲನ್ನು ನೇರವಾಗಿ ಎಳೆದುಕೊಂಡು ಹೋಗಬಾರದಿತ್ತೇ, ಈ ಹಗ್ಗದ ರಗಳೆ ಯಾಕೆ?

ತೂಕ ಹೇಳಿದರೆ ಉತ್ತರ ಹೇಳಿದಂತೆ. ಬಾಯ್ಲರು, ಅದರೊಳಗಿನ ನೀರು, ಕಲ್ಲಿದ್ದಲು, ಫ್ಲೈವೀಲು ಎಲ್ಲ ಸೇರಿ ಫೌಲರ್ ಕಂಪನಿಯ ದೊಡ್ಡ ಉಳುಮೆ ಎಂಜಿನ್‌ಗಳು 15ರಿಂದ 20 ಟನ್ ತೂಗುತ್ತಿದ್ದವು. ಹಸಿ ಜೇಡಿಮಣ್ಣಿನ ಹೊಲಕ್ಕೆ ಅದನ್ನು ಇಳಿಸಿದರೆ ಹೂತುಹೋಗುತ್ತದೆ. ಹೂಳದಿದ್ದರೂ ಶಕ್ತಿಯ ದೊಡ್ಡ ಪಾಲು ತನ್ನ ಮೈಯನ್ನು ತಾನೇ ಎಳೆದುಕೊಳ್ಳಲು ಹೋಗುತ್ತದೆ, ಜೊತೆಗೆ ಚಕ್ರದ ಕೆಳಗಿನ ಮಣ್ಣು ಗಟ್ಟಿಯಾಗಿ ಉತ್ತದ್ದೂ ದಂಡ. ಅದೇ ಎಂಜಿನ್ನನ್ನು ಅಂಚಿನಲ್ಲಿ ನಿಲ್ಲಿಸಿ ಹಗ್ಗದಿಂದ ನೇಗಿಲನ್ನಷ್ಟೇ ಎಳೆಸಿದರೆ ಹೊಲದೊಳಗೆ ಓಡಾಡುವುದು ನೇಗಿಲು ಮತ್ತು ಅದರ ಮೇಲೆ ಕುಳಿತವರು ಮಾತ್ರ. ಆ ಕಾಲದಲ್ಲಿ ನೇರ ಎಳೆತಕ್ಕೆ ಹೊರಟು ಕೈಸುಟ್ಟುಕೊಂಡವರು ಬಹಳ ಮಂದಿ. ಎಂಜಿನ್ನನ್ನು ಹೊಲದಿಂದ ಹೊರಗಿಟ್ಟದ್ದೇ ಫೌಲರ್‌ನ ನಿಜವಾದ ಜಾಣತನ ಎಂದು ನನ್ನ ಅಭಿಪ್ರಾಯ.

ಇನ್ನು ನೇಗಿಲು. ಹಗ್ಗದ ಕೊನೆ ತಲುಪಿದ ನೇಗಿಲನ್ನು ತಿರುಗಿಸುವುದು ಹೇಗೆ? ತಿರುಗಿಸುವುದೇ ಇಲ್ಲ! ನಡುವೆ ಎರಡು ಚಕ್ರ, ಎರಡೂ ಕಡೆ ಎದುರುಬದುರಾಗಿ ಗುಳಗಳ ಸಾಲು. ಏತದ ಮರದಂತೆ ಒಂದು ತುದಿ ನೆಲಕ್ಕಿಳಿದರೆ ಇನ್ನೊಂದು ಆಕಾಶಕ್ಕೆ. ಹೋಗುವಾಗ ಒಂದು ಸಾಲು ಗುಳ ಉಳುತ್ತದೆ, ಬರುವಾಗ ಮೇಲಿದ್ದ ತುದಿಯನ್ನು ಕೆಳಗೆ ಒತ್ತಿದರಾಯಿತು. ಈ ಯೋಚನೆಯಲ್ಲಿ ಫಿಸ್ಕನ್ ಸಹೋದರರ ಪಾಲೂ ಇದೆ, ಡೇವಿಡ್ ಗ್ರೇಗ್ ಎಂಬ ಸ್ಕಾಟಿಷ್ ಸಹೋದ್ಯೋಗಿಯ ಪಾಲೂ ಇದೆ. ಎಲ್ಲವನ್ನೂ ಫೌಲರ್ ಒಬ್ಬನ ತಲೆಗೆ ಕಟ್ಟುವುದು ಬೇಡ.

ಉಗಿಬಂಡಿ:
ಒಪ್ಪಿದೆ ಮೇಷ್ಟ್ರೇ. ಅವನ ಹೆಚ್ಚುಗಾರಿಕೆ ಬೇರೆಯವರ ತುಣುಕುಗಳನ್ನೂ ಕೂಡಿಸಿ ನಡೆಯುವಂಥ ಒಂದು ವ್ಯವಸ್ಥೆ ಮಾಡಿದ್ದರಲ್ಲಿ ಇದೆ. ತನ್ನ ಮತ್ತು ಪಾಲುದಾರರ ಹೆಸರಿನಲ್ಲಿ ಹದಿನಾಲ್ಕು ವರ್ಷಗಳಲ್ಲಿ 32 ಪೇಟೆಂಟ್ ಮಾಡಿಸಿದ್ದ.

ಮೊದಲ ರೂಪದಲ್ಲಿ ಎಂಜಿನ್ ಒಂದೇ. ಎದುರು ಅಂಚಿನಲ್ಲಿ ಲಂಗರು ಬಂಡಿ. ಅದರ ಚಕ್ರಗಳು ತೆಳುವಾದ ತಟ್ಟೆಗಳು, ನೆಲವನ್ನು ಕೊರೆದು ಹಿಡಿದುಕೊಳ್ಳುತ್ತಿದ್ದವು, ಹಾಗಾಗಿ ಹಗ್ಗದ ಎಳೆತಕ್ಕೆ ಬಂಡಿ ಜಾರುತ್ತಿರಲಿಲ್ಲ. ಆಮೇಲೆ ಬಂದದ್ದೇ ಜೋಡಿ ಎಂಜಿನ್ ಪದ್ಧತಿ: ಹೊಲದ ಈ ಕಡೆ ಒಂದು, ಆ ಕಡೆ ಒಂದು, ಪ್ರತಿಯೊಂದರ ಬಾಯ್ಲರ್ ಹೊಟ್ಟೆಯ ಕೆಳಗೆ ಅಡ್ಡಲಾಗಿ ಮಲಗಿಸಿದ ದೊಡ್ಡ ರಾಟೆ, ಅದಕ್ಕೆ ಸುತ್ತಿದ ನಾನ್ನೂರು ಗಜದ ಆಸುಪಾಸಿನ ಉಕ್ಕಿನ ಹಗ್ಗ. ಒಂದು ಎಳೆಯುವಾಗ ಇನ್ನೊಂದು ಹಗ್ಗ ಬಿಡುತ್ತ ಒಂದು ಹೆಜ್ಜೆ ಮುಂದಕ್ಕೆ ಸರಿದು ನಿಲ್ಲುತ್ತದೆ. ಚಾಲಕರ ನಡುವೆ ಮಾತೆಲ್ಲ ಸೀಟಿಯಲ್ಲೇ.

1858ರಲ್ಲಿ ಚೆಸ್ಟರ್‌ನಲ್ಲಿ ರಾಯಲ್ ಅಗ್ರಿಕಲ್ಚರಲ್ ಸೊಸೈಟಿ 500 ಪೌಂಡ್ ಬಹುಮಾನ ಇಟ್ಟಿತ್ತು. ನೇಗಿಲು ಅಥವಾ ಸನಿಕೆಗೆ ಬದಲಾಗಿ, ಕಡಿಮೆ ಖರ್ಚಿನಲ್ಲಿ ಮಣ್ಣು ಮಗುಚುವ ಉಗಿ ಯಂತ್ರ ಬೇಕು ಅನ್ನುವುದು ಷರತ್ತು. ಗೆದ್ದದ್ದು ಫೌಲರ್. ಅಲ್ಲಿಯವರೆಗೂ ಅವನಿಗೆ ಸ್ವಂತ ಕಾರ್ಖಾನೆ ಇರಲಿಲ್ಲ. ಯಂತ್ರಗಳನ್ನು ರ‍್ಯಾನ್ಸಮ್ಸ್ ಮೊದಲಾದವರಿಂದ ಮಾಡಿಸುತ್ತಿದ್ದ, ಆಮೇಲೆ ಲೀಡ್ಸ್‌ನ ರೈಲು ಎಂಜಿನ್ ತಯಾರಕರಾದ ಕಿಟ್ಸನ್ ಅವರಿಂದ. 1862ರಲ್ಲಿ ಕಿಟ್ಸನ್ ಪಾಲುದಾರ ಹೆವಿಟ್ಸನ್ ಜೊತೆ ಸೇರಿ ಲೀಡ್ಸ್‌ನ ಹನ್ಸ್‌ಲೆಟ್‌ನಲ್ಲಿ ಸ್ಟೀಮ್ ಪ್ಲೌ ವರ್ಕ್ಸ್ ತೆಗೆದ. ಮರುವರ್ಷವೇ ಹೆವಿಟ್ಸನ್ ತೀರಿಕೊಂಡ, ಕಂಪನಿಗೆ ಜಾನ್ ಫೌಲರ್ ಅಂಡ್ ಕಂಪನಿ ಎಂಬ ಹೆಸರು ಬಂತು.

ಅದರ ಮರುವರ್ಷ ಫೌಲರನೂ ಇಲ್ಲ. ಕೆಲಸದ ಒತ್ತಡದಿಂದ ಆರೋಗ್ಯ ಕೆಟ್ಟು, ವೈದ್ಯರು ವಿಶ್ರಾಂತಿ ಮತ್ತು ವ್ಯಾಯಾಮ ಹೇಳಿದರು. ಅದಕ್ಕೆಂದು ಕುದುರೆ ಏರಿ ಬೇಟೆಗೆ ಹೋಗತೊಡಗಿದ. ಬಿದ್ದು ತೋಳು ಮುರಿಯಿತು, ಗಾಯಕ್ಕೆ ಧನುರ್ವಾಯು ತಗುಲಿ 1864ರ ಡಿಸೆಂಬರ್ 4ರಂದು ಆಕ್‌ವರ್ತ್‌ನಲ್ಲಿ ತೀರಿಕೊಂಡ. 38 ವರ್ಷ. ಆ ಮೇಲಿನ ನೂರು ವರ್ಷಕ್ಕೂ ಮಿಕ್ಕಿದ ಕಂಪನಿಯ ಬಾಳು ಸ್ಥಾಪಕನಿಲ್ಲದೆಯೇ ನಡೆದದ್ದು.

ಹತ್ತಿಕಾಳು:
ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಕಥೆ ಅಂದುಕೊಂಡು ಓದುತ್ತಿದ್ದೆ, ಆದರೆ ಕಂಪನಿಯ ಕೈ ಹಿಡಿದದ್ದು ಈಜಿಪ್ಟ್ ಅಂತ ಎಲ್ಲೋ ಓದಿದ ನೆನಪು. ನಿಜವೇ?

ಲೀಡ್ಸ್ ಮಲೆನಾಡಿಗ:
ನಿಜ. ಇದಕ್ಕೆ ನಾನು ಉತ್ತರಿಸುತ್ತೇನೆ, ಈ ಊರಿನ ಉಪ್ಪು ತಿನ್ನುತ್ತಿದ್ದೇನಲ್ಲ.

1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ದಕ್ಷಿಣದ ಬಂದರುಗಳು ಮುಚ್ಚಿ ಲ್ಯಾಂಕಷೈರ್ ಗಿರಣಿಗಳಿಗೆ ಹತ್ತಿ ಇಲ್ಲ. ಹತ್ತಿ ಬೆಳೆಯುವ ಬೇರೆ ದೇಶಗಳಿಗೆಲ್ಲ ಶುಕ್ರದೆಸೆ. ಈಜಿಪ್ಟಿನಲ್ಲಿ ಹತ್ತಿಯ ಬೆಲೆ ಏರಿದ ಹೊತ್ತಿಗೇ, 1863ರಲ್ಲಿ, ದನಗಳಿಗೆ ದೊಡ್ಡ ಜಾಡ್ಯ ಬಂದು ಉಳುವ ಎತ್ತುಗಳು ಲೆಕ್ಕವಿಲ್ಲದಷ್ಟು ಸತ್ತವು. ದುಡ್ಡಿದೆ, ನೆಲವಿದೆ, ನೀರಿದೆ, ಎತ್ತಿಲ್ಲ. ಉಗಿ ನೇಗಿಲು ಮಾರುವವನಿಗೆ ಇದಕ್ಕಿಂತ ಬೇರೆ ಏನು ಬೇಕು?

ಆಗ ಫೌಲರ್ ಕಂಪನಿ ಅಲ್ಲಿಗೆ ಕಳಿಸಿದ್ದು ಮ್ಯಾಕ್ಸ್ ಐಟ್ ಎಂಬ ಜರ್ಮನ್ ಎಂಜಿನಿಯರನ್ನು. 1836ರಲ್ಲಿ ಹುಟ್ಟಿದವನು, ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೆ ಬಂದು ಲೀಡ್ಸ್ ಸೇರಿದ್ದ. ಈಜಿಪ್ಟನ್ನು ಆಳಿದ್ದ ಮಹಮ್ಮದ್ ಅಲಿಯ ಮಗ ಹಲೀಮ್ ಪಾಶಾನ ಜಮೀನುಗಳಿಗೆ ಮುಖ್ಯ ಎಂಜಿನಿಯರಾಗಿ ಕೈರೋ ಹತ್ತಿರದ ಶುಬ್ರಾದಲ್ಲಿ ಕೆಲವು ವರ್ಷ ಇದ್ದ. ಆಮೇಲೆ ಕಂಪನಿಯ ಪ್ರತಿನಿಧಿಯಾಗಿ ದೇಶದೇಶ ಸುತ್ತಿ, 1882ರಲ್ಲಿ ಊರಿಗೆ ಮರಳಿ, 1885ರಲ್ಲಿ ಜರ್ಮನ್ ಕೃಷಿ ಸಂಘ ಕಟ್ಟಿದ. ಒಳ್ಳೆಯ ಬರಹಗಾರ ಕೂಡ. ಜರ್ಮನಿಯಲ್ಲಿ ಫೌಲರ್‌ಗಿಂತ ಇವನ ಹೆಸರೇ ದೊಡ್ಡದು.

ಈಜಿಪ್ಟಿನ ಉಬ್ಬರ ಯುದ್ಧ ಮುಗಿದ ಮೇಲೆ ಇಳಿಯಿತು. ಅಷ್ಟರಲ್ಲಿ ಕಂಪನಿಗೆ ತನ್ನ ಗಿರಾಕಿ ಯಾರು ಅನ್ನುವುದು ತಿಳಿದುಹೋಗಿತ್ತು: ವಿಶಾಲ ಬಯಲು, ಒಬ್ಬನೇ ಮಾಲೀಕ, ಕೈಗೆ ರೊಕ್ಕ ತರುವ ಬೆಳೆ. ಜರ್ಮನಿಯ ಸಕ್ಕರೆ ಬೀಟ್ ಜಮೀನು, ಕ್ಯೂಬಾ, ಪೆರು, ಹವಾಯಿಗಳ ಕಬ್ಬಿನ ತೋಟ, ಮುಂದೆ ಮೊಜಾಂಬಿಕ್.

ಎರೆಹೊಲದವ:
ಅದೇ ಅಮೆರಿಕಾ ಯುದ್ಧದಾಗ ನಮ್ಮ ಧಾರವಾಡ ಸೀಮಿ ಹತ್ತಿಗೂ ಬಂಗಾರದ ಬೆಲಿ ಬಂದಿತ್ತು. ಧಾರವಾಡ-ಅಮೆರಿಕನ್ ಹತ್ತಿ ಅಂತ ಒಂದು ತಳಿನ ಇತ್ತಲ್ಲ, 1840ರ ಸುಮಾರಿಗೆ ನ್ಯೂ ಆರ್ಲಿಯನ್ಸ್ ಬೀಜ ತಂದು ಹಬ್ಬಿಸಿದ್ದು. ಹತ್ತಿ ಬಿಡಿಸೋ ಗರಗಸದ ಜಿನ್ ಮಾಡಾಕ ಧಾರವಾಡದಾಗ ಸರ್ಕಾರದ ಕಾರ್ಖಾನೀನೂ ಇತ್ತು. ಯುದ್ಧ ಮುಗೀತು, ಬೆಲಿ ಬಿತ್ತು. ಆದ್ರ ಪಾಶಾಗ ಸಿಕ್ಕಂಥಾ ಉಗಿ ನೇಗಿಲು ನಮ್ಮ ರೈತರ ಹತ್ರ ಸುಳೀಲಿಲ್ಲ. ಹತ್ತು-ಇಪ್ಪತ್ತು ಎಕರೆ ಹೊಲ, ನಡುವ ಬದು, ಮನ್ಯಾಗ ಎತ್ತು. ಅದನ್ನ ತಗೊಂಡು ಏನ್ ಮಾಡ್ಬೇಕಿತ್ತು ಬಿಡ್ರಿ.

ನಿವೃತ್ತ ಮೇಷ್ಟ್ರು:
ಅವರು ಬಹಳ ಮುಖ್ಯವಾದ ಕಡೆ ಬೆರಳಿಟ್ಟರು. ಇಂಗ್ಲೆಂಡಿನಲ್ಲೂ ಕಥೆ ಬೇರೆಯಲ್ಲ. ಅಲ್ಲಿನ ಬಹುಪಾಲು ಹೊಲಗಳು ಜೀವಂತ ಬೇಲಿ ಸುತ್ತಿದ ಸಣ್ಣ, ಅಂಕುಡೊಂಕಿನ ತುಂಡುಗಳು. ನಾನ್ನೂರು ಗಜದ ಹಗ್ಗ ಚಾಚಲು ಜಾಗವೆಲ್ಲಿ? ಜೋಡಿ ಎಂಜಿನ್ ಸರಂಜಾಮಿಗೆ ಹಾಕುವ ಬಂಡವಾಳ ಸಾಮಾನ್ಯ ಗೇಣಿದಾರನ ಕೈಗೆ ನಿಲುಕುವಂಥದ್ದಲ್ಲ. ಆದ್ದರಿಂದ ಉಗಿ ಉಳುಮೆಯನ್ನು ಕೃಷಿಯ ಕ್ರಾಂತಿ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಹೆಚ್ಚೆಂದರೆ ಗಟ್ಟಿ ಜೇಡಿಮಣ್ಣಿನ ಪೂರ್ವ ಇಂಗ್ಲೆಂಡಿನ ದೊಡ್ಡ ಜಮೀನುಗಳ ಕಥೆ. ಕುದುರೆ ಇಪ್ಪತ್ತನೆಯ ಶತಮಾನ ಬಹಳ ದೂರ ಬರುವವರೆಗೂ ಉಳುತ್ತಲೇ ಇತ್ತು.

ಲೀಡ್ಸ್ ಮಲೆನಾಡಿಗ:
ಮೇಷ್ಟ್ರೇ, ಅರ್ಧ ಒಪ್ಪುತ್ತೇನೆ. ಕೊಳ್ಳುವುದು ಆಗದಿದ್ದರೂ ಬಾಡಿಗೆಗೆ ಕರೆಸಬಹುದಿತ್ತಲ್ಲ. ಗುತ್ತಿಗೆದಾರರು ಅಂತ ಒಂದು ವರ್ಗವೇ ಹುಟ್ಟಿತು. ಎರಡು ಎಂಜಿನ್, ನೇಗಿಲು, ನೀರಿನ ಬಂಡಿ, ಮಲಗುವುದಕ್ಕೆ ಒಂದು ಚಕ್ರದ ಮನೆ. ಐದು ಜನರ ತಂಡ: ಒಬ್ಬ ಮುಖ್ಯಸ್ಥ, ಇಬ್ಬರು ಚಾಲಕರು, ನೇಗಿಲು ಹಿಡಿಯುವವನೊಬ್ಬ, ಅಡುಗೆಗೆ ಒಬ್ಬ ಹುಡುಗ. ಹಂಗಾಮಿಡೀ ಊರೂರು ಅಲೆತ, ವಾರಗಟ್ಟಲೆ ಮನೆ ಕಾಣುವಂತಿಲ್ಲ. ಎಕರೆ ಲೆಕ್ಕದಲ್ಲಿ ಹೆಚ್ಚುವರಿ ಕೂಲಿ, ಹಾಗಾಗಿ ಬೆಳಕು ಹರಿಯುವ ಮುಂಚೆ ಬೆಂಕಿ ಹಾಕಿ ಕತ್ತಲಾಗುವವರೆಗೂ ದುಡಿತ. ಜೋಡಿ ಕುದುರೆ ದಿನಕ್ಕೆ ಸುಮಾರು ಒಂದು ಎಕರೆ ಉಳುತ್ತಿದ್ದರೆ ಇವರು ಹತ್ತರಿಂದ ಇಪ್ಪತ್ತು ಮುಗಿಸುತ್ತಿದ್ದರು. ಪ್ರತಿ ಎಂಜಿನ್ ದಿನಕ್ಕೆ ಹೆಚ್ಚುಕಡಿಮೆ ಒಂದು ಟನ್ ಕಲ್ಲಿದ್ದಲು ನುಂಗುತ್ತಿತ್ತು.

ಇದರ ಮೇಲೆ 1865ರ ಕಾನೂನು ಬೇರೆ. ರಸ್ತೆಯಲ್ಲಿ ಹೋಗುವ ಎಂಜಿನ್ನಿಗೆ ಊರೊಳಗೆ ಗಂಟೆಗೆ ಎರಡು ಮೈಲಿ, ಹೊರಗೆ ನಾಲ್ಕು ಮೈಲಿ ಮಿತಿ, 60 ಗಜ ಮುಂದೆ ಕೆಂಪು ಬಾವುಟ ಹಿಡಿದು ಒಬ್ಬ ನಡೆಯಬೇಕು.

ನಿವೃತ್ತ ಮೇಷ್ಟ್ರು:
ಬಾಡಿಗೆ ಪದ್ಧತಿ ಸರಿ. ಆದರೆ 1870ರ ದಶಕದ ಕೊನೆಯಿಂದ ಅಮೆರಿಕದ ಅಗ್ಗದ ಗೋಧಿ ಬಂದು ಇಂಗ್ಲೆಂಡಿನ ಬೇಸಾಯ ನೆಲಕಚ್ಚಿತು. 1879ರ ಮಳೆಯಂತೂ ಕೊಯ್ಲನ್ನೇ ಮುಳುಗಿಸಿತು. ಉಳುವ ಹೊಲಗಳು ಹುಲ್ಲುಗಾವಲಾದವು. ಉಳುಮೆಯೇ ಇಲ್ಲದ ಕಡೆ ನಿಮ್ಮ ಗುತ್ತಿಗೆದಾರ ಏನು ಮಾಡಿಯಾನು? ಕಂಪನಿ ಉಳಿದದ್ದು ಹೊರದೇಶದ ಬೇಡಿಕೆಯಿಂದ, ಜೊತೆಗೆ ರೋಡ್ ರೋಲರು, ರೈಲು ಎಂಜಿನ್ನು, ರಸ್ತೆ ಎಂಜಿನ್ನು ಅಂತ ಹತ್ತು ಕಡೆ ಕೈಚಾಚಿದ್ದರಿಂದ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಉಕ್ಕಿನ ಕವಚ ತೊಡಿಸಿದ ರಸ್ತೆ ಎಂಜಿನ್‌ಗಳನ್ನೂ ಮಾಡಿ ಕಳಿಸಿದರು. ಐರಿಷ್ ಕ್ಷಾಮ ನೋಡಿ ಕರಗಿದ ಕ್ವೇಕರನ ಕಂಪನಿ ಅದು, ನೆನಪಿರಲಿ.

ಕುಂದಾಪ್ರ ಮಾಣಿ:
ಭಾರತಕ್ಕೆ ಇಂಥ ಎಂಜಿನ್ ಬರ್ಲೇ ಇಲ್ವಾ ಹಾಂಗಾರೆ?

ಉಗಿಬಂಡಿ:
ಉಳುವುದಕ್ಕಿಂತ ಎಳೆಯುವುದಕ್ಕೆ ಬಂದದ್ದರ ಒಂದು ಸೊಗಸಾದ ಪ್ರಸಂಗ ಇದೆ, ಫೌಲರ್‌ದಲ್ಲ, ರ‍್ಯಾನ್ಸಮ್ಸ್‌ನದು. ಕ್ರಾಂಪ್ಟನ್ ಎಂಬ ಸೇನಾಧಿಕಾರಿ ಪಂಜಾಬಿನ ರಸ್ತೆಗಳಲ್ಲಿ ಎತ್ತಿನ ಗಾಡಿಗಳ ಬದಲು ರಬ್ಬರ್ ಟೈರಿನ ಉಗಿ ಬಂಡಿ ಓಡಿಸಬೇಕು ಅಂತ ಹೊರಟ. ಅದಕ್ಕಾಗಿ ಇಪ್ಸ್‌ವಿಚ್‌ನಲ್ಲಿ ಮಾಡಿದ ಎಂಜಿನ್‌ಗಳಲ್ಲಿ ಒಂದರ ಹೆಸರು ಚೀನಾಬ್. ಇಲ್ಲಿಗೆ ಕಳಿಸುವ ಮುನ್ನ, 1871ರಲ್ಲಿ, ಅದನ್ನು ಇಪ್ಸ್‌ವಿಚ್‌ನಿಂದ ಎಡಿನ್‌ಬರೋಗೆ ಓಡಿಸಿ ವಾಪಸು ತಂದರು. ಬಾವುಟದ ಕಾನೂನು ಜಾರಿಯಲ್ಲಿದ್ದ ಕಾಲ ಬೇರೆ!

ಹತ್ತಿಕಾಳು:
ಕೊನೆಗೆ ಕಂಪನಿ ಏನಾಯಿತು? ಟ್ರ್ಯಾಕ್ಟರ್ ಬಂದು ಮುಗಿಸಿತು ಅಂತಲೇ?

ಲೀಡ್ಸ್ ಮಲೆನಾಡಿಗ:
ಅಷ್ಟು ನೇರ ಅಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಧಾನ್ಯದ ಹಡಗು ಮುಳುಗಿಸತೊಡಗಿದಾಗ ಹುಲ್ಲುಗಾವಲು ಮತ್ತೆ ಉಳಬೇಕಾಯಿತು, ಉಗಿ ನೇಗಿಲಿಗೆ ಕೊನೆಯ ಸುಗ್ಗಿ ಆಗಲೇ. ಅದೇ 1917ರಲ್ಲಿ ಸರ್ಕಾರ ಫೋರ್ಡ್‌ಸನ್ ಟ್ರ್ಯಾಕ್ಟರನ್ನೂ ಸಾವಿರಗಟ್ಟಲೆ ತರಿಸಿತು. ಯುದ್ಧ ಮುಗಿದ ಮೇಲೆ ಹಗ್ಗ, ನೀರಿನ ಬಂಡಿ, ಐದು ಜನ ಯಾರಿಗೆ ಬೇಕು?

ಕಂಪನಿ ಸುಮ್ಮನೆ ಕೂರಲಿಲ್ಲ. 1927ರಿಂದ ಜೈರೋಟಿಲ್ಲರ್ ಎಂಬ ಭೀಮಕಾಯವನ್ನು ತಂದಿತು. ಪೋರ್ಟೊರಿಕೊದ ಕಬ್ಬಿನ ತೋಟದಲ್ಲಿ ಹುಟ್ಟಿದ ಕಲ್ಪನೆ. ಪಟ್ಟಿ ಚಕ್ರಗಳ ಮೇಲೆ ಓಡುವ, 225 ಅಶ್ವಶಕ್ತಿಯ, ಇಪ್ಪತ್ತು ಟನ್‌ಗೂ ಮೀರಿದ ಯಂತ್ರ. ಸುತ್ತುವ ಕೊಕ್ಕೆಗಳಿಂದ ಮಣ್ಣನ್ನು ಆಳಕ್ಕೆ ಕಲಕುತ್ತಿತ್ತು. ಕಬ್ಬಿಗೆ ಸರಿಹೋಯಿತು. ಇಂಗ್ಲೆಂಡಿನ ಕೆಲವು ಹೊಲಗಳಲ್ಲಿ ಮಾತ್ರ ಅಡಿಯ ಜೇಡಿಯನ್ನು ಮೇಲೆ ತಂದು ರೈತರ ಶಾಪ ಉಂಡಿತು. ಎಂಜಿನ್ನಿನ ತೂಕ ಹೊಲಕ್ಕೆ ಬೀಳಬಾರದು ಅನ್ನುವ ಯೋಚನೆಯ ಮೇಲೆ ನಿಂತ ಕಂಪನಿ ಇಂಥದ್ದನ್ನು ಮಾರಲು ಹೊರಟದ್ದು ನನಗಂತೂ ಅರಗುವುದಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಮಟಿಲ್ಡಾ ಟ್ಯಾಂಕ್‌ಗಳನ್ನು ಮಾಡಿದರು. ಯುದ್ಧದ ನಂತರ ಹಳೆಯ ಪ್ರತಿಸ್ಪರ್ಧಿ ಮಾರ್ಷಲ್ ಜೊತೆ ಒಂದೇ ಗುಂಪಿಗೆ ಸೇರಿದರು. ಲೀಡ್ಸ್ ಕಾರ್ಖಾನೆಗೆ 1970ರ ದಶಕದ ನಡುವಿನ ಹೊತ್ತಿಗೆ ಬೀಗ ಬಿತ್ತು.

ಎರೆಹೊಲದವ:
ತೂಕದ ಮಾತು ಖರೇ ಐತ್ರಿ. ಹಸಿ ಇದ್ದಾಗ ದೊಡ್ಡ ಟ್ರ್ಯಾಕ್ಟರ್ ಇಳಿಸಿದ್ರ ಎರಿ ಮಣ್ಣು ಕೆಳಗ ಕಲ್ಲಾಗತದ, ಬೇರು ಇಳಿಯೋದಿಲ್ಲ. ನಾವು ಹೊಲ ಆರೋ ತನಕ ಕಾಯ್ತೀವಿ. ಬಾಡಿಗಿ ಟ್ರ್ಯಾಕ್ಟರಿನವ ಕಾಯೂದಿಲ್ಲ, ಅವಗ ಎಕರೆ ಲೆಕ್ಕ.

ಕುಂದಾಪ್ರ ಮಾಣಿ:
ನಂದೊಂದು ಕಡೆ ಪ್ರಶ್ನೆ. ನಮ್ಮ ಬದಿ ಲೋಕೋಪಯೋಗಿ ಇಲಾಖೆ ಅಂಗಳದಲ್ಲಿ ಒಂದು ಹಳೇ ಉಗಿ ರೋಲರ್ ತುಕ್ಕು ಹಿಡ್ದು ನಿಂತಿತ್ತ್. ಮುಂದೆ ಹಿತ್ತಾಳೆ ಕುದುರೆ ಚಿತ್ರ, ಮುಂಗಾಲು ಎತ್ತಿ ನಿಂತದ್ದ್. ಅದು ಫೌಲರ್ ಕಂಪನಿದಾ?

ಉಗಿಬಂಡಿ:
ಕುದುರೆ ಇದ್ದರೆ ರೋಚೆಸ್ಟರ್‌ನ ಏವ್ಲಿಂಗ್ ಅಂಡ್ ಪೋರ್ಟರ್. ಅದು ಕೆಂಟ್ ಪ್ರಾಂತ್ಯದ ಲಾಂಛನ. ಆರು ಕುದುರೆ ಕಟ್ಟಿ ಉಗಿ ಎಂಜಿನ್ನನ್ನು ಎಳೆಸುವುದು ನಾಚಿಕೆಗೇಡು ಅಂತ ಹೇಳಿ, ಎಂಜಿನ್ ತಾನೇ ನಡೆಯುವಂತೆ ಮಾಡಿದ ಥಾಮಸ್ ಏವ್ಲಿಂಗ್ ಕಟ್ಟಿದ ಕಂಪನಿ. ಫೌಲರ್ ರೋಲರುಗಳಲ್ಲಿ ಲೀಡ್ಸ್ ಎಂದು ಬರೆದ ಫಲಕ ಹುಡುಕಬೇಕು. ಫಲಕ ಕಳುವಾಗಿದ್ದರೂ ಬಿಡಿಭಾಗಗಳ ಮೇಲೆ ನಂಬರ್ ಕೊರೆದಿರುತ್ತಾರೆ, ತುಕ್ಕು ಉಜ್ಜಿ ನೋಡಿ. ಫೌಲರ್ ಕಂಪನಿಯ ದಾಖಲೆಗಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಗ್ರಾಮೀಣ ಬದುಕಿನ ವಸ್ತುಸಂಗ್ರಹಾಲಯದಲ್ಲಿವೆ. ಯಾರಿಗಾದರೂ ಲೀಡ್ಸ್ ಫಲಕದ ರೋಲರು ಕಂಡರೆ ನಂಬರಿನ ಜೊತೆ ಫೋಟೋ ಇಲ್ಲೇ ಹಾಕಿ, ನಾನು ಅಲ್ಲಿಗೆ ಬರೆದು ಕೇಳುತ್ತೇನೆ.